ಸ್ಲೆಡ್ ಓಟದ ಕನಸು, ಸಣ್ಣ ಸಂಬಳದ ಲೆಕ್ಕ



ಕಣ್ಣು ಹಾಯಿಸಿದಷ್ಟೂ ಬಿಳಿ ಹಿಮ. ಮುಂದೆ ಜೋಡಿ ಜೋಡಿಯಾಗಿ ಓಡುವ ಹತ್ತು ಹನ್ನೆರಡು ನಾಯಿಗಳು. ಹಿಂದೆ ಒಂದು ಜಾರುಬಂಡಿ, ಅದರ ಮೇಲೆ ನಿಂತ ಒಬ್ಬ ಮನುಷ್ಯ. ಇದೇ ಸ್ಲೆಡ್ ಓಟ. ಟಿವಿಯಲ್ಲಿ ಈ ದೃಶ್ಯ ಬಂದಾಗ ನಿಮ್ಮ ಮನೆಯ ಮಕ್ಕಳು "ನಾನೂ ಒಂದು ದಿನ ಹೀಗೆ ಓಡಿಸ್ತೀನಿ" ಎಂದಿರಬಹುದು. ಆಸೆ ನಿಮಗೇ ಹುಟ್ಟಿರಬಹುದು, ಹೇಳಿಕೊಳ್ಳಲು ಸಂಕೋಚ ಅಷ್ಟೇ! ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಹೈದರಾಬಾದಿನಲ್ಲಿ ಕುಳಿತು ಹಿಮದ ನಾಯಿಗಳ ಕನಸೇ ಎಂದು ಯಾರಾದರೂ ನಕ್ಕರೆ ನಗಲಿ ಬಿಡಿ. ಕನಸಿಗೆ ಹವಾಮಾನದ ಹಂಗಿಲ್ಲ. ದುಡ್ಡಿನ ಹಂಗು ಮಾತ್ರ ಇದ್ದೇ ಇದೆ.

ತಿಂಗಳ ಸಂಬಳ, ಮನೆ ಬಾಡಿಗೆ, ಮಕ್ಕಳ ಫೀಸು, ಗಾಡಿಯ ಕಂತು. ಇಷ್ಟರ ನಡುವೆ ಪ್ರಾಣಿ ಸಾಕಿ, ಅದನ್ನು ಓಟಕ್ಕೆ ತಯಾರು ಮಾಡುವುದು ಸಾಧ್ಯವೇ? ಸಾಧ್ಯ. ಆದರೆ ಇಡೀ ಕನಸನ್ನು ಒಬ್ಬರೇ ಕೊಂಡುಕೊಳ್ಳಲು ಹೋದರೆ ಸೋಲು ಖಚಿತ. ಕೈಗೆಟುಕುವ ಒಂದು ಪಾಲನ್ನು ಮಾತ್ರ ಹಿಡಿದರೆ ದಾರಿ ಸಿಗುತ್ತದೆ. ಇದನ್ನು ತೋರಿಸಲು ಮೊದಲು ದೂರದ ಅಲಾಸ್ಕಾಕ್ಕೆ, ಆಮೇಲೆ ನಮ್ಮದೇ ಕರಾವಳಿಗೆ ಹೋಗಿ, ಕೊನೆಗೆ ಹೈದರಾಬಾದಿಗೆ ಮರಳೋಣ. ಪೆನ್ನು ಕಾಗದ ಹತ್ತಿರ ಇಟ್ಟುಕೊಳ್ಳಿ, ಸ್ವಲ್ಪ ಲೆಕ್ಕವೂ ಇದೆ!

ಅಲಾಸ್ಕಾದ ಖರ್ಚು ಹೇಗಿರುತ್ತದೆ?

ನಾಯಿಗಳ ಸ್ಲೆಡ್ ಓಟಗಳಲ್ಲಿ ಅತ್ಯಂತ ಹೆಸರಾದದ್ದು ಅಮೆರಿಕದ ಅಲಾಸ್ಕಾ ರಾಜ್ಯದ ಇಡಿಟರಾಡ್. ಆಂಕರೇಜ್‌ನಿಂದ ನೋಮ್ ಎಂಬ ಊರಿನ ತನಕ ಸುಮಾರು 1,600 ಕಿಲೋಮೀಟರ್ ದಾರಿ. ಅಂದರೆ ಹೈದರಾಬಾದಿನಿಂದ ದೆಹಲಿಗೆ ಇರುವಷ್ಟು ದೂರ! 1973ರಲ್ಲಿ ಶುರುವಾದ ಈ ಓಟ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಚುರುಕಾದ ತಂಡಗಳಿಗೆ ಒಂಬತ್ತು ಹತ್ತು ದಿನ ಸಾಕು. ಉಳಿದವರಿಗೆ ಇನ್ನೂ ಹೆಚ್ಚು.

ಇದಕ್ಕೆ ಹೆಸರು ನೋಂದಾಯಿಸುವ ಶುಲ್ಕವೇ ಹಲವು ವರ್ಷ 4,000 ಡಾಲರ್ ಇತ್ತು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 3 ಲಕ್ಷ 40 ಸಾವಿರ ರೂಪಾಯಿ. ಇದಿನ್ನೂ ಬಾಗಿಲು ತಟ್ಟುವ ಖರ್ಚು. ಓಟದ ದಿನಗಳಲ್ಲಿ ಒಂದೊಂದು ನಾಯಿ ದಿನಕ್ಕೆ 10,000 ಕ್ಯಾಲೊರಿಯಷ್ಟು ಆಹಾರ ಅರಗಿಸಿಕೊಳ್ಳುತ್ತದೆ. ನಾವು ನೀವು ಉಣ್ಣುವುದರ ನಾಲ್ಕೈದು ಪಟ್ಟು! ಹಿಮದಲ್ಲಿ ಪಾದ ಸೀಳದಂತೆ ನಾಯಿಗಳಿಗೆ ಬಟ್ಟೆಯ ಬೂಟು ತೊಡಿಸಬೇಕು. ಒಂದು ನಾಯಿಗೆ ಎಂಟು ಬೂಟುಗಳನ್ನು ಜತೆಗಿಟ್ಟುಕೊಳ್ಳಲೇಬೇಕೆಂಬ ನಿಯಮವೇ ಇದೆ. ಬೂಟು ಹರಿದಂತೆಲ್ಲ ಹೊಸದು ಬೇಕು.

ಬಹುಮಾನ ಎಷ್ಟು? ಹಲವು ವರ್ಷ ಗೆದ್ದವರಿಗೆ 50,000 ಡಾಲರ್ ಆಸುಪಾಸು ಸಿಗುತ್ತಿತ್ತು. ಮೊದಲ ಇಪ್ಪತ್ತು ಸ್ಥಾನದವರು ದೊಡ್ಡ ಮೊತ್ತವನ್ನು ಹಂಚಿಕೊಳ್ಳುತ್ತಾರೆ. ಅದರ ನಂತರ ಗುರಿ ಮುಟ್ಟಿದವರಿಗೆಲ್ಲ ತಲಾ 1,049 ಡಾಲರ್ ಕೊಡುವುದು ಬಹಳ ವರ್ಷಗಳ ವಾಡಿಕೆ. ಈಗ ನೀವೇ ಕಳೆದು ನೋಡಿ. ಇಪ್ಪತ್ತೊಂದನೆಯವರಾಗಿ ಬಂದವರು ಸಾವಿರದ ಆರುನೂರು ಕಿಲೋಮೀಟರ್ ಚಳಿಯಲ್ಲಿ ನಡುಗಿ, ಪ್ರವೇಶ ಶುಲ್ಕದ ಲೆಕ್ಕದಲ್ಲೇ ಸುಮಾರು ಮೂರು ಸಾವಿರ ಡಾಲರ್ ಕಳೆದುಕೊಂಡಿರುತ್ತಾರೆ!

ಓಟ ಹತ್ತು ಹದಿನೈದು ದಿನದ್ದು. ನಾಯಿಗಳ ಹೊಟ್ಟೆ ಮಾತ್ರ 365 ದಿನದ್ದು. ಬೇಸಿಗೆಯಲ್ಲಿ ಹಿಮ ಕರಗುತ್ತದೆ, ಹಸಿವು ಕರಗುವುದಿಲ್ಲ. ಓಟದ ಕನಸು ಕಾಣುವವರು ಮೊದಲು ಬರೆದಿಟ್ಟುಕೊಳ್ಳಬೇಕಾದ ಮಾತು ಇದು.

ನಮ್ಮ ಸ್ಲೆಡ್ಡು ಕರಾವಳಿಯಲ್ಲಿದೆ

"ಅದೆಲ್ಲ ಅಲಾಸ್ಕಾದ ಮಾತಾಯಿತು, ನಮ್ಮವರು ಯಾರು ಇಂಥದ್ದನ್ನು ಮಾಡುತ್ತಾರೆ?" ಎಂದು ನೀವು ಕೇಳಬಹುದು. ಮಾಡುತ್ತಾರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಂಬಳವನ್ನು ನೆನಪಿಸಿಕೊಳ್ಳಿ. ಹೈದರಾಬಾದಿನ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯಲ್ಲಿ ಕುಳಿತವರನ್ನು ಕೇಳಿದರೂ ಸಾಕು, ಕಂಬಳದ ಹೆಸರೆತ್ತಿದ ಕೂಡಲೇ ಮುಖ ಅರಳುತ್ತದೆ. ಕೋಣ ನೋಡುವುದು ಹೈದರಾಬಾದಿನವರಿಗೂ ಹೊಸದಲ್ಲ. ದೀಪಾವಳಿ ಮುಗಿದೊಡನೆ ನಾರಾಯಣಗೂಡದಲ್ಲಿ ನಡೆಯುವ ಸದರ್ ಹಬ್ಬದಲ್ಲಿ ಹೂಮಾಲೆ ಹಾಕಿದ ದೈತ್ಯ ಕೋಣಗಳ ಮೆರವಣಿಗೆ ನೋಡಿರುತ್ತೀರಿ. ಸದರ್‌ನಲ್ಲಿ ಕೋಣ ಮೆರೆಯುತ್ತದೆ, ಕಂಬಳದಲ್ಲಿ ಓಡುತ್ತದೆ.

ಕಂಬಳದಲ್ಲಿ ಕೆಸರು ನೀರು ತುಂಬಿದ ಎರಡು ಉದ್ದನೆಯ ಓಟದ ದಾರಿಗಳಿರುತ್ತವೆ. ಅವಕ್ಕೆ 'ಕರೆ' ಎನ್ನುತ್ತಾರೆ. ಎರಡು ಇರುವುದರಿಂದ ಜೋಡುಕರೆ. ಓಟ ಶುರುವಾಗುವ ಜಾಗ ಗಂತು, ಮುಗಿಯುವ ಜಾಗ ಮಂಜೊಟ್ಟಿ. ಸ್ಪರ್ಧೆಯಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳು. ನೇಗಿಲು ಮತ್ತು ಹಗ್ಗದಲ್ಲಿ ಹಿರಿಯ, ಕಿರಿಯ ಎಂಬ ಎರಡೆರಡು ಹಂತ. ಹಗ್ಗದ ವಿಭಾಗದಲ್ಲಿ ಮನುಷ್ಯ ಕೋಣಗಳ ಹಿಂದೆ ಓಡುತ್ತಾನೆ. ಅಡ್ಡ ಹಲಗೆಯಲ್ಲಿ ಮರದ ಹಲಗೆಯ ಮೇಲೆ ನಿಲ್ಲುತ್ತಾನೆ, ಕೋಣಗಳು ಅವನನ್ನು ಕೆಸರಿನ ಮೇಲೆ ಎಳೆದೊಯ್ಯುತ್ತವೆ. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ನೀರು ಮುಟ್ಟಬೇಕು. ಹಲಗೆ, ಅದನ್ನೆಳೆಯುವ ಪ್ರಾಣಿ, ಮೇಲೆ ನಿಂತ ಮನುಷ್ಯ. ಇದು ಸ್ಲೆಡ್ ಅಲ್ಲದೆ ಇನ್ನೇನು? ಹಿಮದ ಬದಲು ಕೆಸರು, ನಾಯಿಯ ಬದಲು ಕೋಣ!

ಮೂಡುಬಿದಿರೆ, ಮೀಯಾರು, ಐಕಳ, ವೇಣೂರು, ಪುತ್ತೂರು, ಉಪ್ಪಿನಂಗಡಿ, ಹೀಗೆ ನವೆಂಬರಿನಿಂದ ಬೇಸಿಗೆಯ ಆರಂಭದವರೆಗೆ ವಾರಾಂತ್ಯಗಳಲ್ಲಿ ಒಂದಾದ ಮೇಲೊಂದು ಕಂಬಳ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆದು, ಕರಾವಳಿ ನೋಡದವರೂ ಕೋಣಗಳ ಓಟ ನೋಡಿದರು.

ಹುರುಳಿಯ ಲೆಕ್ಕ

ಇನ್ನು ಖರ್ಚಿನ ಮಾತು. ಕಂಬಳದ ಕೋಣ ಹೊಲ ಉಳುವ ಕೋಣದಂತಲ್ಲ. ಬೇಯಿಸಿದ ಹುರುಳಿ, ಬೈಹುಲ್ಲು, ಹಸಿರು ಹುಲ್ಲು ಹೊತ್ತು ಹೊತ್ತಿಗೆ ಬೇಕು. ಮೈಗೆ ಎಣ್ಣೆ ಹಚ್ಚಿ ತಿಕ್ಕಬೇಕು, ಸ್ನಾನ ಮಾಡಿಸಬೇಕು, ಕೆರೆಯಲ್ಲಿ ಈಜಿಸಬೇಕು. ನೋಡಿಕೊಳ್ಳಲು ಜನ ಬೇಕು. ಋತು ಬಂದರೆ ಪ್ರತಿ ವಾರ ಲಾರಿ, ಜತೆಗೆ ಬರುವವರ ಊಟ, ಓಡಿಸುವವರ ಸಂಭಾವನೆ.

ಒಂದು ಉದಾಹರಣೆ ನೋಡೋಣ. ಇಲ್ಲಿರುವ ಖರ್ಚಿನ ಅಂಕಿಗಳು ಲೆಕ್ಕ ಹಾಕುವ ದಾರಿ ತೋರಿಸಲು ನಾವೇ ಹಾಕಿಕೊಂಡವು, ಅಷ್ಟೇ. ಜೋಡಿ ಕೋಣಕ್ಕೆ ಮೇವು, ಹುರುಳಿ, ಎಣ್ಣೆ, ಆಳಿನ ಕೂಲಿ ಎಲ್ಲ ಸೇರಿ ದಿನಕ್ಕೆ 1,000 ರೂಪಾಯಿ ಎನ್ನೋಣ. ವರ್ಷಕ್ಕೆ 3,65,000. ಹತ್ತು ಕಂಬಳಕ್ಕೆ ಹೋದರೆ, ಒಂದಕ್ಕೆ 15,000ದಂತೆ 1,50,000. ಒಟ್ಟು 5,15,000 ರೂಪಾಯಿ. ಇದರಲ್ಲಿ ಕೋಣ ಕೊಂಡ ದುಡ್ಡು ಸೇರಿಲ್ಲ, ಡಾಕ್ಟರ ಖರ್ಚೂ ಸೇರಿಲ್ಲ.

ಬಹುಮಾನವಾಗಿ ಕಂಬಳದಲ್ಲಿ ಚಿನ್ನ ಕೊಡುವುದು ರೂಢಿ. ಮೊದಲ ಸ್ಥಾನಕ್ಕೆ ಎರಡು ಪವನು, ಅಂದರೆ 16 ಗ್ರಾಂ. ಎರಡನೆಯ ಸ್ಥಾನಕ್ಕೆ ಒಂದು ಪವನು, 8 ಗ್ರಾಂ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ದಾಟಿತು. ಲಕ್ಷವೆಂದೇ ಹಿಡಿದರೆ 16 ಗ್ರಾಂಗೆ 1,60,000. ಮೂರು ಕಂಬಳದಲ್ಲಿ ಮೊದಲ ಸ್ಥಾನ ಬಂದರೂ 4,80,000, ಖರ್ಚು ಹುಟ್ಟಲಿಲ್ಲ! ನಾಲ್ಕು ಸಲ ಗೆದ್ದರೆ ಹುಟ್ಟುತ್ತದೆ. ಹತ್ತರಲ್ಲಿ ನಾಲ್ಕು ಗೆಲ್ಲುವ ಜೋಡಿ ಎಷ್ಟು ಜನರ ಕೊಟ್ಟಿಗೆಯಲ್ಲಿದ್ದೀತು? ಸ್ಪರ್ಧೆಗೆ ಬರುವ ಹೆಚ್ಚಿನವರು ಬರಿಗೈಯಲ್ಲಿ ಮನೆಗೆ ಮರಳುವವರೇ. ಆದರೂ ಮುಂದಿನ ವಾರ ಮತ್ತೆ ಬರುತ್ತಾರೆ. ಮೈಕಿನಲ್ಲಿ ಮನೆತನದ ಹೆಸರು ಕೇಳುವ ಖುಷಿಗೆ ಅವರು ಕೊಡುವ ಬೆಲೆ ಅದು. ಬೆಲೆ ಕೊಡುವ ಶಕ್ತಿ ಇದ್ದವರಿಗೆ ಅದು ಸರಿಯೇ. ಸಾಲ ಮಾಡಿ "ಬಹುಮಾನದಲ್ಲಿ ತೀರಿಸ್ತೀನಿ" ಎನ್ನುವವರಿಗೆ ಈ ಲೆಕ್ಕ ಒಂದು ಎಚ್ಚರಿಕೆ.

ಇನ್ನೊಂದು ಅಪಾಯವೂ ಇದೆ. ಓಟವೇ ನಿಂತರೆ? 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪು ಕೊಟ್ಟಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ, ಋತು ಶುರುವಾಗುವ ಹೊತ್ತಿಗೆ, ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಾಗಲೂ ಕೊಟ್ಟಿಗೆಯಲ್ಲಿ ಹುರುಳಿ ಬೇಯುತ್ತಲೇ ಇತ್ತು. ಓಟಕ್ಕೆ ತಡೆ ಬರಬಹುದು, ಮೇವಿಗೆ ತಡೆ ಇಲ್ಲ.

ತಮ್ಮದಲ್ಲದ ಪ್ರಾಣಿ ಓಡಿಸಿ ಹೆಸರಾದವರು

ಇಷ್ಟು ಹೊತ್ತು ಹೆದರಿಸಿದ್ದಾಯಿತು. ಈಗ ಧೈರ್ಯದ ಮಾತು. ಇಬ್ಬರ ಕತೆ ಕೇಳಿ.

ಮೊದಲನೆಯವರು ಮೂಡುಬಿದಿರೆಯ ಕಡೆಯ ಶ್ರೀನಿವಾಸ ಗೌಡರು. ಕಟ್ಟಡ ಕೆಲಸ ಮಾಡುತ್ತಿದ್ದವರು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೆಲ್ಲ ಮಾತಾಡಿತು. ಕೋಣಗಳ ಎಳೆತ ಸೇರಿರುವ ಓಟವನ್ನು ಒಲಿಂಪಿಕ್ ಓಟಕ್ಕೆ ಹೋಲಿಸುವುದು ಸರಿಯಲ್ಲ ಬಿಡಿ. ಕ್ರೀಡಾ ಪ್ರಾಧಿಕಾರದಿಂದ ಟ್ರಯಲ್ಸ್‌ಗೆ ಕರೆ ಬಂದಾಗ ಅವರು ಹೋಗಲಿಲ್ಲ, ಕಂಬಳವೇ ತಮ್ಮ ಕ್ಷೇತ್ರ ಎಂದರು. ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು 3 ಲಕ್ಷ ರೂಪಾಯಿಯ ಚೆಕ್ ಕೊಟ್ಟು ಗೌರವಿಸಿದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಅವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದ್ದೂ ಸುದ್ದಿಯಾಯಿತು.

ಇಲ್ಲಿ ಗಮನಿಸಬೇಕಾದದ್ದು, ಶ್ರೀನಿವಾಸ ಗೌಡರು ಓಡಿಸಿದ್ದು ಬೇರೆ ಯಜಮಾನರ ಕೋಣಗಳನ್ನು. ಕೋಣ ಕೊಳ್ಳುವ, ಸಾಕುವ ಭಾರ ಯಜಮಾನರದು. ಓಡುವ ಕಾಲು, ಹಗ್ಗ ಹಿಡಿಯುವ ಕೈ, ವರ್ಷಗಳ ಅಭ್ಯಾಸ ಇವರದು. ಹೀಗೆ ಓಡುವವರನ್ನು ತಯಾರು ಮಾಡಲೆಂದೇ ಕಾರ್ಕಳದ ಮೀಯಾರಿನಲ್ಲಿ ಕೆ. ಗುಣಪಾಲ ಕಡಂಬ ಅವರು ಕಂಬಳ ಅಕಾಡೆಮಿಯ ಮೂಲಕ 2011ರಿಂದ ಯುವಕರಿಗೆ ತರಬೇತಿ ಕೊಟ್ಟರು.

ಎರಡನೆಯವರು ಜಮೈಕಾದ ನ್ಯೂಟನ್ ಮಾರ್ಷಲ್. ಹಿಮವೇ ಬೀಳದ, ತೆಂಗಿನ ಮರಗಳ ದ್ವೀಪ ಜಮೈಕಾ. ಅಲ್ಲಿ 2005ರಲ್ಲಿ ಒಂದು ಪ್ರವಾಸಿ ಕಂಪನಿಯವರು ನಾಯಿಗಳ ಸ್ಲೆಡ್ ತಂಡ ಕಟ್ಟಿದರು. ನಾಯಿ ಎಲ್ಲಿಂದ ತಂದರು ಗೊತ್ತೇ? ಅನಾಥ ನಾಯಿಗಳ ಆಶ್ರಯದಿಂದ! ಹಿಮ ಇಲ್ಲದ್ದಕ್ಕೆ ಗಾಡಿಗೆ ಚಕ್ರ ಹಾಕಿದರು. ಖರ್ಚಿಗೆ ಗಾಯಕ ಜಿಮ್ಮಿ ಬಫೆಟ್ ನೆರವಾದರು. ಆ ತಂಡದ ನ್ಯೂಟನ್ ಮಾರ್ಷಲ್ 2009ರಲ್ಲಿ ಕೆನಡಾ ಮತ್ತು ಅಲಾಸ್ಕಾ ನಡುವಿನ ಯೂಕಾನ್ ಕ್ವೆಸ್ಟ್ ಓಟವನ್ನು ಪೂರ್ತಿ ಮಾಡಿದರು. 2010ರಲ್ಲಿ, ಅಲಾಸ್ಕಾದ ಹೆಸರಾಂತ ಓಟಗಾರ ಲ್ಯಾನ್ಸ್ ಮ್ಯಾಕಿ ಅವರ ಬಳಿ ತರಬೇತಿ ಪಡೆದು ಇಡಿಟರಾಡ್ ಗುರಿಯನ್ನೂ ಮುಟ್ಟಿದರು. ದೊಡ್ಡ ನಾಯಿಮನೆ ಕಟ್ಟಿಕೊಂಡು ಈ ಹಾದಿಗೆ ಇಳಿದವರಲ್ಲ ಅವರು. ಇನ್ನೊಬ್ಬರು ಕಟ್ಟಿದ ತಂಡದಲ್ಲಿ ಓಡಿಸುವವರ ಪಾಲು ಹಿಡಿದವರು.

ಒಬ್ಬರು ಕರಾವಳಿಯ ಕಟ್ಟಡ ಕಾರ್ಮಿಕ, ಇನ್ನೊಬ್ಬರು ಬಿಸಿಲು ದ್ವೀಪದ ಯುವಕ. ಇಬ್ಬರೂ ಪ್ರಾಣಿಯ ಒಡೆತನ ಬಿಟ್ಟು ಓಡಿಸುವ ಕಲೆಯನ್ನು ಆರಿಸಿಕೊಂಡರು. ಕಲೆ ಕಲಿಯಲು ಸಮಯ, ಬೆವರು ಬೇಕು. ಲಕ್ಷಗಳು ಬೇಕಿಲ್ಲ.

ದುಡ್ಡು ಕೂಡಿಸುವ ನಾಲ್ಕು ದಾರಿ

ಅಲಾಸ್ಕಾ ಇರಲಿ, ಕರಾವಳಿ ಇರಲಿ, ಕಡಿಮೆ ದುಡ್ಡಿನವರು ಬಳಸುವ ಉಪಾಯಗಳು ಹೆಚ್ಚು ಕಡಿಮೆ ಒಂದೇ.

ಒಂದು, ದುಡಿಮೆಯೇ ಬಂಡವಾಳ. ಅಲಾಸ್ಕಾದಲ್ಲಿ ಹೊಸಬರು ದೊಡ್ಡ ನಾಯಿಮನೆಗಳಲ್ಲಿ ಸಹಾಯಕರಾಗಿ ಸೇರುತ್ತಾರೆ. ನಾಯಿಗಳಿಗೆ ಊಟ ಹಾಕುವುದು, ಸಗಣಿ ಬಾಚುವಂತೆ ಅಲ್ಲಿಯ ಗಲೀಜು ಬಾಚುವುದು, ತಂಡವನ್ನು ಅಭ್ಯಾಸಕ್ಕೆ ಒಯ್ಯುವುದು. ಕೆಲಸದ ಜತೆಗೆ ಕಲಿಕೆ. ಕಂಬಳದಲ್ಲೂ ಕೋಣದ ಮೈ ತಿಕ್ಕುತ್ತಾ ಶುರು ಮಾಡಿದ ಹುಡುಗ ಮುಂದೆ ಹಗ್ಗ ಹಿಡಿಯುತ್ತಾನೆ.

ಎರಡು, ದುಡ್ಡಿನ ಬದಲು ವಸ್ತು. ಅಲಾಸ್ಕಾದ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹಿಡಿದ ಸಾಲ್ಮನ್ ಮೀನನ್ನು ಒಣಗಿಸಿ ನಾಯಿಗಳಿಗೆ ಇಡುವುದು ಹಳೆಯ ಪದ್ಧತಿ. ನಮ್ಮಲ್ಲಿ ಸ್ವಂತ ಗದ್ದೆಯ ಬೈಹುಲ್ಲು ಇದ್ದವರಿಗೆ ಕೋಣ ಸಾಕುವುದು ಸ್ವಲ್ಪ ಹಗುರ. ನಿಮ್ಮ ಗೆಳೆಯರಲ್ಲಿ ಒಬ್ಬರ ಕೋಳಿ ಅಂಗಡಿ, ಒಬ್ಬರ ಗಾಡಿ, ಒಬ್ಬರ ಖಾಲಿ ಜಾಗ, ಇವೆಲ್ಲ ದುಡ್ಡೇ.

ಮೂರು, ಸಣ್ಣ ಸಣ್ಣ ಪ್ರಾಯೋಜಕರು. ಹನಿ ಹನಿ ಗೂಡಿದರೆ ಹಳ್ಳ. ಇಡೀ ತಂಡಕ್ಕೆ ದುಡ್ಡು ಕೊಡಿ ಎಂದು ಒಬ್ಬರನ್ನು ಕೇಳುವುದಕ್ಕಿಂತ "ಈ ಒಂದು ನಾಯಿಯ ಬೂಟು ನಿಮ್ಮದು, ಆ ನಾಯಿಯ ಒಂದು ತಿಂಗಳ ಊಟ ಅವರದು" ಎಂದು ಹಂಚುವುದು ಸುಲಭ. ಇಡಿಟರಾಡ್‌ನವರೂ ಓಟದ ಉದ್ಘಾಟನೆಯ ದಿನ ಸ್ಲೆಡ್‌ನಲ್ಲಿ ಕೂತು ಸ್ವಲ್ಪ ದೂರ ಹೋಗುವ ಅವಕಾಶವನ್ನು ಹರಾಜು ಹಾಕಿ ದುಡ್ಡು ಎತ್ತುತ್ತಾರೆ. ಕರಾವಳಿಯ ಕಂಬಳ ಸಮಿತಿಗಳಿಗೂ ಊರಿನ ದಾನಿಗಳೇ ಆಧಾರ.

ನಾಲ್ಕು, ಸಣ್ಣ ವಿಭಾಗದಿಂದ ಆರಂಭ. ಯಾರೂ ಮೊದಲ ವರ್ಷವೇ ಸಾವಿರದ ಆರುನೂರು ಕಿಲೋಮೀಟರ್ ಓಡುವುದಿಲ್ಲ. ಇಡಿಟರಾಡ್‌ಗೆ ಹೊಸಬರು ಸೇರಬೇಕಾದರೆ ಮೊದಲು ಸಣ್ಣ ಓಟಗಳನ್ನು ಮುಗಿಸಿರಬೇಕೆಂಬ ನಿಯಮವಿದೆ. ಕಂಬಳದಲ್ಲಿ ಹಿರಿಯದ ಮೊದಲು ಕಿರಿಯ ವಿಭಾಗ.

ಹೈದರಾಬಾದಿನಲ್ಲಿ ನೀವೇನು ಮಾಡಬಹುದು?

ಮೊದಲ ಮಾತು: ಹಸ್ಕಿ ನಾಯಿ ಕೊಳ್ಳಬೇಡಿ. ಸೈಬೀರಿಯದ ಚಳಿಗೆ ಹುಟ್ಟಿದ, ಮೈಮೇಲೆ ಎರಡು ಪದರದ ಕೂದಲಿರುವ ಪ್ರಾಣಿಯನ್ನು ಕೂಕಟಪಲ್ಲಿಯ ಫ್ಲ್ಯಾಟಿನಲ್ಲಿಟ್ಟು ಎಸಿಯ ಕರೆಂಟ್ ಬಿಲ್ ಕಟ್ಟುವುದು ನಾಯಿಗೂ ಹಿಂಸೆ, ನಿಮ್ಮ ಜೇಬಿಗೂ ಹಿಂಸೆ. ವ್ಯಾಪಾರಕ್ಕಾಗಿ ಹೊರದೇಶದ ನಾಯಿ ತರಿಸುವುದಕ್ಕೆ 2016ರಲ್ಲೇ ಕೇಂದ್ರ ಸರ್ಕಾರ ಕಡಿವಾಣ ಹಾಕಿದೆ. ಜಮೈಕಾದವರ ಬುದ್ಧಿಯನ್ನು ನೆನಪಿಡಿ: ಇರುವ ನಾಯಿ, ಇರುವ ನೆಲ. ಓಡುವ ನಾಯಿಯೇ ಬೇಕೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ಇದೆ. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ತಳಿ ಅದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೆ ಮುಧೋಳ ನಾಯಿಗೆ ಓಡಲು ದೊಡ್ಡ ಜಾಗ ಬೇಕು. ಜಾಗವಿಲ್ಲದವರಿಗೆ ಬೀದಿಯಿಂದ ದತ್ತು ತಂದ ಗಟ್ಟಿಮುಟ್ಟು ನಾಯಿ ಸಾಕು.

ಎರಡನೆಯದು: ಒಂದೇ ನಾಯಿಯಿಂದ ಶುರು ಮಾಡಿ. ಯೂರೋಪಿನಲ್ಲಿ ಹಿಮವಿಲ್ಲದ ತಿಂಗಳುಗಳಲ್ಲಿ 'ಕ್ಯಾನಿಕ್ರಾಸ್' ಎಂಬ ಆಟ ಆಡುತ್ತಾರೆ. ನಾಯಿಗೆ ಎದೆಪಟ್ಟಿ, ನಿಮ್ಮ ಸೊಂಟಕ್ಕೆ ಬೆಲ್ಟು, ನಡುವೆ ಜಗ್ಗುವ ಹಗ್ಗ. ನಾಯಿ ಎಳೆಯುತ್ತದೆ, ನೀವು ಹಿಂದೆ ಓಡುತ್ತೀರಿ. ಥೇಟ್ ಹಗ್ಗದ ವಿಭಾಗದ ಕಂಬಳ! ಬೇಕಾದ ಸಾಮಾನು ಈ ಮೂರೇ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆಸಬೇಡಿ, ಉಸಿರು ಕಟ್ಟುತ್ತದೆ. ನಾಯಿಗೆ ಒಂದು ಒಂದೂವರೆ ವರ್ಷ ತುಂಬುವ ತನಕ ಎಳೆಯುವ ಕೆಲಸ ಬೇಡ, ಮೂಳೆ ಬಲಿಯಬೇಕು. ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಓಟ ಚಳಿಗಾಲದಲ್ಲಿ, ಸೂರ್ಯ ಹುಟ್ಟುವ ಮೊದಲು, ಮಣ್ಣಿನ ದಾರಿಯಲ್ಲಿ. ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ, ಮನೆಗೆ ಮರಳಿ. ಸುಮ್ಮನೆ ಅಡ್ಡಾಡಿಸಲು, ಬೇರೆ ನಾಯಿಗಳ ಜತೆ ಪಳಗಿಸಲು ಜಿಎಚ್‌ಎಂಸಿಯವರು 2018ರಲ್ಲಿ ಕೊಂಡಾಪುರದಲ್ಲಿ ನಾಯಿಗಳಿಗೆಂದೇ ಪಾರ್ಕ್ ಮಾಡಿದ್ದು ನಿಮಗೆ ಗೊತ್ತಿರಬಹುದು.

ಮೂರನೆಯದು: ತಿಂಗಳ ಬಜೆಟ್. ಕಾಗದದ ಮೇಲೆ ನಾಲ್ಕು ಸಾಲು ಬರೆಯಿರಿ.

ಊಟ: 2,500 ರೂಪಾಯಿ.
ಲಸಿಕೆ, ಡಾಕ್ಟರು: ವರ್ಷಕ್ಕೆ 6,000 ಎಂದರೆ ತಿಂಗಳಿಗೆ 500.
ಎದೆಪಟ್ಟಿ, ಹಗ್ಗ, ಬೆಲ್ಟು: ವರ್ಷಕ್ಕೆ 3,600 ಎಂದರೆ ತಿಂಗಳಿಗೆ 300.
ಆಪತ್ತಿನ ನಿಧಿ: 700.
ಒಟ್ಟು 4,000.

ಅಂಕಿಗಳು ನಮೂನೆಗೆ ಮಾತ್ರ, ನಿಮ್ಮ ಬಡಾವಣೆಯ ದರ ಹಾಕಿಕೊಳ್ಳಿ. ಆದರೆ ನಾಲ್ಕನೆಯ ಸಾಲನ್ನು ಮಾತ್ರ ಅಳಿಸಬೇಡಿ. ತಿಂಗಳಿಗೆ 700ರಂತೆ ಬ್ಯಾಂಕಿನ ಆರ್‌ಡಿಗೆ ಹಾಕಿದರೆ ಎರಡು ವರ್ಷಕ್ಕೆ ಬಡ್ಡಿ ಬಿಟ್ಟು 16,800 ಆಗುತ್ತದೆ. ನಾಯಿಯ ಕಾಲು ಮುರಿದ ದಿನ ನಿಮ್ಮನ್ನು ಕಾಪಾಡುವುದು ಅದೇ. ಈ 4,000 ನಿಮ್ಮ ಮನೆಯ ಖರ್ಚೆಲ್ಲ ಕಳೆದು ಉಳಿಯುವ ದುಡ್ಡಿನ ಅರ್ಧಕ್ಕಿಂತ ಹೆಚ್ಚಾಗುತ್ತದೆಯೇ? ಹಾಗಿದ್ದರೆ ಎರಡು ಮನೆಯವರು ಸೇರಿ ಒಂದು ನಾಯಿ ಸಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ನಾಲ್ಕನೆಯದು: ಓಟದ ಆಸೆಗೆ ಚೀಟಿ ಎತ್ತಬೇಡಿ, ಕ್ರೆಡಿಟ್ ಕಾರ್ಡ್ ಉಜ್ಜಬೇಡಿ, ಚಿನ್ನ ಅಡವಿಡಬೇಡಿ. ಪ್ರಾಣಿಗೆ ಕಾಯಿಲೆ ಬಂದರೆ ಸಾಲ ಮಾಡುವುದು ಬೇರೆ, ಬಹುಮಾನ ನಂಬಿ ಸಾಲ ಮಾಡುವುದು ಬೇರೆ. ಬಹುಮಾನ ಬಂದರೆ ಅದನ್ನು ಹಬ್ಬದ ಬೋನಸ್ ಎಂದುಕೊಳ್ಳಿ, ಸಂಬಳ ಎಂದುಕೊಳ್ಳಬೇಡಿ.

ಐದನೆಯದು: ನಾಲ್ಕು ಜನ ಸೇರಿ ದುಡ್ಡು ಹಾಕುವುದಾದರೆ ಬೇರೆಯೇ ಬ್ಯಾಂಕ್ ಖಾತೆ, ಒಂದು ಲೆಕ್ಕದ ಪುಸ್ತಕ ಇಡಿ. ಗೆಳೆತನ ಗಟ್ಟಿ ಇರುವಾಗಲೇ ಬರೆದಿಟ್ಟುಕೊಳ್ಳಿ: ಯಾರು ಎಷ್ಟು ಹಾಕುತ್ತಾರೆ, ಯಾರ ಮನೆಯಲ್ಲಿ ಪ್ರಾಣಿ ಇರುತ್ತದೆ, ಒಬ್ಬರು ಬಿಟ್ಟು ಹೋದರೆ ಮುಂದೇನು.

ಆರನೆಯದು: ಕಾನೂನು. ನಿಮ್ಮ ನಾಯಿಯ ಜತೆ ನೀವು ಓಡುವುದು ನಿಮ್ಮ ಖುಷಿ. ಆದರೆ ಜನ ಸೇರಿಸಿ, ಟಿಕೆಟ್ ಇಟ್ಟು ಪ್ರಾಣಿಗಳ ಪ್ರದರ್ಶನ ಮಾಡಬೇಕೆಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ನೋಂದಣಿ ಬೇಕು. ಮೊದಲು ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಕೊಳ್ಳುವ ಮೊದಲು ಒಂದು ಪ್ರಶ್ನೆ

ಹುರುಪಿನಲ್ಲಿ ಎಲ್ಲರೂ ಮರೆಯುವ ಪ್ರಶ್ನೆ ಇದು: ಓಟ ಮುಗಿದ ಮೇಲೆ ಪ್ರಾಣಿಗೆ ಯಾರು ಗತಿ? ಓಟದ ಹುಚ್ಚು ಮೂರು ವರ್ಷಕ್ಕೆ ಇಳಿಯಬಹುದು. ಕೆಲಸ ಬದಲಾಗಿ ನೀವು ಪುಣೆಗೋ ದುಬೈಗೋ ಹೋಗಬಹುದು. ನಾಯಿ ಮಾತ್ರ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಕಂಬಳದಲ್ಲಿ ಓಡಿ ದಣಿದು ಮುದಿಯಾದ ಕೋಣವನ್ನು ಮಾರದೆ, ಕೊನೆಯ ತನಕ ಕೊಟ್ಟಿಗೆಯಲ್ಲೇ ಸಾಕುವ ಯಜಮಾನರಿದ್ದಾರೆ. ಅದರಿಂದ ಅವರಿಗೆ ಒಂದು ಪವನು ಚಿನ್ನವೂ ಬರುವುದಿಲ್ಲ. ನಾಳೆ ಓಡಲಾರದ ಪ್ರಾಣಿಗೂ ಊಟ ಹಾಕುವಷ್ಟು ದುಡ್ಡು ಮತ್ತು ಮನಸ್ಸು ನಿಮ್ಮಲ್ಲಿದ್ದರೆ ಮಾತ್ರ ಕೊಳ್ಳುವ ಯೋಚನೆ ಮಾಡಿ. ಇಲ್ಲವೆಂದರೆ ಬೇಸರ ಬೇಡ. ಓಡಿಸುವವರ, ಸಹಾಯಕರ, ಒಂದು ತಿಂಗಳ ಊಟದ ಪ್ರಾಯೋಜಕರ, ಹೋಗಿ ನೋಡಿ ಚಪ್ಪಾಳೆ ತಟ್ಟುವವರ ಪಾಲು ಖಾಲಿ ಇದೆ. ಓಟಕ್ಕೆ ಅವರೆಲ್ಲರೂ ಬೇಕು.

ಈ ಚಳಿಗಾಲದಲ್ಲಿ ಸಾಧ್ಯವಾದರೆ ಮಕ್ಕಳನ್ನು ಕರೆದುಕೊಂಡು ಕಾಚಿಗುಡದಲ್ಲಿ ಮಂಗಳೂರಿನ ರೈಲು ಹತ್ತಿ. ಯಾವುದಾದರೂ ಒಂದು ಕಂಬಳದ ಮಂಜೊಟ್ಟಿಯ ಬಳಿ ರಾತ್ರಿ ಕಳೆಯಿರಿ. ಓಟ ನೋಡಿದ ಮೇಲೆ ಕೋಣಗಳನ್ನು ಕಟ್ಟಿದ ಜಾಗಕ್ಕೂ ಹೋಗಿ, ಬಕೆಟ್ಟಿನಲ್ಲಿ ಹುರುಳಿ ಹಿಡಿದು ನಿಂತವರನ್ನು "ಅಣ್ಣಾ, ದಿನಕ್ಕೆ ಎಷ್ಟು ಬೇಕು?" ಎಂದು ಕೇಳಿ. ಈ ಪುಟದಲ್ಲಿ ನಾವು ಹೇಳಿದ್ದಕ್ಕಿಂತ ಹೆಚ್ಚು ಲೆಕ್ಕ ಅವರೇ ಹೇಳಿಕೊಡುತ್ತಾರೆ.

ನಿಮ್ಮ ಮನೆಯ ನಾಯಿಯ ತಿಂಗಳ ಬಜೆಟ್ ಎಷ್ಟು, ಅದನ್ನು ಹೇಗೆ ಹೊಂದಿಸುತ್ತೀರಿ, ನಮಗೂ ಬರೆದು ತಿಳಿಸಿ. ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕನ್ನಡದಲ್ಲೇ ಮಾತಾಡುತ್ತಿರಿ!